ಮುಕ್ತ ಗೇಮ್ ಎಂಜಿನ್ ಗೊಡೊ: ಗುಣದೋಷ ವಿಚಾರ

ಆಟಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಟದ ನಿಯಮಗಳನ್ನೂ ಆಡುವವರ ಸಮಾಜವನ್ನೂ ಕುರಿತು ವಿಚಾರಮಾಡುತ್ತಾರೆ. ಆಟವನ್ನು ಸಿದ್ಧಪಡಿಸುವ ಉಪಕರಣದ ಕಡೆಗೆ ಅವರ ದೃಷ್ಟಿ ಹರಿಯುವುದು ಅಪೂರ್ವ. ಮಣೆಯನ್ನು ಕೊರೆದ ಉಳಿ ಎಂತಹದು, ಯಾರದು ಎಂದು ವಿಚಾರಿಸುವ ಅಗತ್ಯ ಹಿಂದೆ ಅಷ್ಟಾಗಿ ಇರಲಿಲ್ಲ. ಗಣಕಯಂತ್ರದ ಆಟಗಳ ವಿಷಯದಲ್ಲಿ ಈ ಉಪೇಕ್ಷೆ ಸಲ್ಲದು. ಇಲ್ಲಿ ಉಪಕರಣವು ಯಾರ ಸ್ವತ್ತು ಎಂಬುದರ ಮೇಲೆ, ಆಟವನ್ನು ಯಾವ ಭಾಷೆಯಲ್ಲಿ, ಯಾವ ಊರಿನಲ್ಲಿ, ಎಷ್ಟು ವೆಚ್ಚದಲ್ಲಿ ಕಟ್ಟಬಹುದೆಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಆ ಉಪಕರಣಕ್ಕೆ ಗೇಮ್ ಎಂಜಿನ್ ಎಂದು ಹೆಸರು. ಚಿತ್ರಗಳನ್ನು ಪರದೆಯ ಮೇಲೆ ಮೂಡಿಸುವುದು, ವಸ್ತುಗಳ ಚಲನೆಯನ್ನೂ ಡಿಕ್ಕಿಯನ್ನೂ ಲೆಕ್ಕಹಾಕುವುದು, ಧ್ವನಿಯನ್ನು ಹೊರಡಿಸುವುದು, ಆಟಗಾರನ ಬೆರಳಿನ ಆಜ್ಞೆಯನ್ನು ಗ್ರಹಿಸುವುದು, ಅಕ್ಷರಗಳನ್ನು ಜೋಡಿಸಿ ತೋರಿಸುವುದು ಮೊದಲಾದ ಕಾರ್ಯಗಳು ಎಲ್ಲ ಆಟಗಳಿಗೂ ಸಮಾನವಾದುವು. ಇವನ್ನು ಪ್ರತಿಯೊಂದು ಆಟಕ್ಕೂ ಹೊಸದಾಗಿ ಬರೆಯದೆ ಒಂದೆಡೆ ಸಿದ್ಧವಾಗಿಟ್ಟಿರುವ ತಂತ್ರಾಂಶವೇ ಎಂಜಿನ್. ಇಂತಹವುಗಳಲ್ಲಿ ಶುಲ್ಕವಿಲ್ಲದೆ ದೊರೆಯುವ, ಮೂಲಪಾಠವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಗೊಡೊ ಎಂಬ ಎಂಜಿನ್ನಿನ ಗುಣದೋಷಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪರಿಶೀಲನೆಗೆ ಒಂದು ನಿಶ್ಚಿತ ನಿದರ್ಶನವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರು, ತ್ರಿಪುರಸುಂದರಿ ಅಮ್ಮನವರ ದೇವಾಲಯದಿಂದಲೂ ಜಾತ್ರೆಯಿಂದಲೂ ಪ್ರಸಿದ್ಧವಾದ ಗ್ರಾಮ. ಆ ಊರಿನ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಜಾತ್ರೆಯನ್ನೇ ವಸ್ತುವಾಗಿಟ್ಟುಕೊಂಡು ಕನ್ನಡದಲ್ಲಿ ಒಂದು ಆಟವನ್ನು ರಚಿಸಬಯಸಿದಳೆನ್ನೋಣ. ಆಕೆಯ ಕೈಯಲ್ಲಿರುವುದು ಹಳೆಯದೊಂದು ಗಣಕಯಂತ್ರ, ಹಣವಿಲ್ಲ. ಈ ಎಂಜಿನ್ ಆಕೆಗೆ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬುದೇ ನಮ್ಮ ಪ್ರಶ್ನೆ.

ಮೈಸೂರು ಸೀಮೆಯ ಆಟಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ಒಂದು ಪೂರ್ವನಿದರ್ಶನವುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅನೇಕ ಆಟಗಳನ್ನು ಕಲ್ಪಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳಿಗೆ ಮೀಸಲಾಗಿದ್ದು, ಗಂಜೀಫದ ಎಲೆಗಳ ವಿವರಗಳು ಅದರಲ್ಲಿ ದಾಖಲಾಗಿವೆ. ಅದೇ ಸೀಮೆಯ ಹಳ್ಳಿಗಳಲ್ಲಿ ಚೌಕಾಬಾರ, ಅಳಗುಳಿ ಮಣೆ, ಹುಲಿ-ಕುರಿಗಳಂತಹ ಆಟಗಳು ಯಾರ ಅಪ್ಪಣೆಯೂ ಇಲ್ಲದೆ ನಡೆದುಬಂದುವು. ನೆಲದ ಮೇಲೆ ಸುಣ್ಣದಲ್ಲಿ ಐದು ಮನೆಯ ಚೌಕವನ್ನು ಬರೆದು ನಾಲ್ಕು ಕವಡೆಗಳನ್ನು ತಂದರೆ ಚೌಕಾಬಾರ ಸಿದ್ಧ. ನಿಯಮವನ್ನು ಊರಿಂದೂರಿಗೆ ಮಾರ್ಪಡಿಸಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಅರಮನೆಯ ಅನೇಕ ಆಟಗಳು ಇಂದು ಹೆಚ್ಚಾಗಿ ವಿದ್ವಾಂಸರ ಮತ್ತು ಸಂಗ್ರಾಹಕರ ಆಸಕ್ತಿಯ ವಸ್ತುಗಳಾಗಿ ಉಳಿದಿವೆ. ಹಳ್ಳಿಯ ಆಟಗಳು ಜನರ ನಡುವೆ ವ್ಯಾಪಿಸಿದುವು. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಅರಮನೆಯ ಆಟಗಳ ಸ್ವರೂಪ ನಮಗೆ ಖಚಿತವಾಗಿ ತಿಳಿದಿರುವುದು, ಅವನ್ನು ಬರೆದಿಡಿಸಿದ ಒಡೆಯರೊಬ್ಬರು ಇದ್ದುದರಿಂದ. ಎಲ್ಲರಿಗೂ ಸೇರಿದ ಆಟವನ್ನು ಕಾಪಾಡುವ ಹೊಣೆ ಯಾರದೂ ಆಗದಿರುವ ಸಂಭವವುಂಟು. ಮುಕ್ತ ತಂತ್ರಾಂಶದ ಬಲವೂ ದೌರ್ಬಲ್ಯವೂ ಇದೇ ಸ್ಥಾನದಲ್ಲಿವೆ.

ಗೊಡೊವಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಅರ್ಜೆಂಟೀನ ದೇಶದ ಹ್ವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮನ್ಸೂರ್ ಎಂಬಿಬ್ಬರು ಇದನ್ನು ಮೊದಲು ತಮ್ಮ ಉದ್ಯೋಗದ ಉಪಯೋಗಕ್ಕಾಗಿ ನಿರ್ಮಿಸಿಕೊಂಡಿದ್ದರು. 2014ರ ಆರಂಭದಲ್ಲಿ ಇದರ ಮೂಲಪಾಠವನ್ನು ಎಂಐಟಿ ಪರವಾನಗಿಯ ಅನ್ವಯ ಸಾರ್ವಜನಿಕಗೊಳಿಸಲಾಯಿತು. ಸ್ಯಾಮ್ಯುಯೆಲ್ ಬೆಕೆಟ್ಟನ ಪ್ರಸಿದ್ಧ ನಾಟಕದಲ್ಲಿ ಎಲ್ಲರೂ ನಿರೀಕ್ಷಿಸುತ್ತಿರುವ, ಎಂದಿಗೂ ಬಾರದ ವ್ಯಕ್ತಿಯ ಹೆಸರೇ ಇದಕ್ಕೂ ಬಂದಿದೆ. ಎರಡನೆಯ ಮುಖ್ಯ ಆವೃತ್ತಿ 2016ರಲ್ಲಿಯೂ, ಮೂರನೆಯದು 2018ರಲ್ಲಿಯೂ, ನಾಲ್ಕನೆಯದು 2023ರ ಮಾರ್ಚಿಯಲ್ಲಿಯೂ ಪ್ರಕಟವಾದುವು. ಇದರ ಹಣಕಾಸಿನ ನಿರ್ವಹಣೆಗಾಗಿ ಗೊಡೊ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಸ್ಥಾಪನೆಯನ್ನು 2022ರಲ್ಲಿ ಘೋಷಿಸಲಾಯಿತು.

ಇದರ ಗುಣಗಳಲ್ಲಿ ಮೊದಲನೆಯದು ಪರವಾನಗಿ. ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕು. ಎಂಜಿನ್ನನ್ನು ಬಳಸಬಹುದು, ತಿದ್ದಬಹುದು, ಅದರಿಂದ ಮಾಡಿದ ಆಟವನ್ನು ಮಾರಬಹುದು. ಗಳಿಕೆಯಲ್ಲಿ ಯಾರಿಗೂ ಪಾಲು ಕೊಡಬೇಕಾಗಿಲ್ಲ. ಇದರ ಬೆಲೆ 2023ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಯೂನಿಟಿ ಎಂಬ ಖಾಸಗಿ ಎಂಜಿನ್ನಿನ ಕಂಪನಿಯು, ನಿಗದಿಯಾದ ಮಿತಿಯನ್ನು ದಾಟಿದ ಆಟಗಳು ಎಷ್ಟು ಯಂತ್ರಗಳಲ್ಲಿ ಸ್ಥಾಪಿತವಾಗುತ್ತವೆಯೋ ಅಷ್ಟಕ್ಕೂ ಶುಲ್ಕ ವಿಧಿಸುವುದಾಗಿ ಆ ತಿಂಗಳ 12ರಂದು ಪ್ರಕಟಿಸಿತು. ಆಗಲೇ ವರ್ಷಗಟ್ಟಲೆ ದುಡಿದು ಆಟಗಳನ್ನು ಕಟ್ಟಿದ್ದವರು ದಿಗ್ಭ್ರಮೆಗೊಂಡರು. ಪ್ರತಿಭಟನೆಯ ಫಲವಾಗಿ ನಿಯಮವು ಸಡಿಲಗೊಂಡು, 2024ರ ಸೆಪ್ಟೆಂಬರಿನಲ್ಲಿ ಸಂಪೂರ್ಣವಾಗಿ ರದ್ದಾಯಿತು. ಆದರೆ ಆ ಒಂದು ವರ್ಷದಲ್ಲಿ ಅನೇಕ ನಿರ್ಮಾಪಕರು ಗೊಡೊವಿನತ್ತ ತಿರುಗಿದರು. ‘ಸ್ಲೇ ದಿ ಸ್ಪೈರ್’ ಆಟದ ಎರಡನೆಯ ಭಾಗಕ್ಕೆ ಅದರ ನಿರ್ಮಾಪಕರು ಇದನ್ನೇ ಆರಿಸಿಕೊಂಡರು. ಗೇಣಿಯ ನೆಲದಲ್ಲಿ ಮನೆ ಕಟ್ಟಿದವನ ಆತಂಕ ಎಂತಹದೆಂಬುದು ನಮ್ಮ ಗ್ರಾಮೇತಿಹಾಸವನ್ನು ಬಲ್ಲವರಿಗೆ ಹೊಸದಲ್ಲ.

ಎರಡನೆಯ ಗುಣ ಅದರ ಲಾಘವ. ಸಾಮಾನ್ಯ ಆವೃತ್ತಿಯ ಕಡತವು ಸಂಕುಚಿತ ರೂಪದಲ್ಲಿ ನೂರು ಮೆಗಾಬೈಟಿಗೂ ಕಡಮೆ. ಖಾತೆ ತೆರೆಯದೆ, ಅಂತರಜಾಲದ ಸತತ ಸಂಪರ್ಕವಿಲ್ಲದೆ, ಅದನ್ನು ನಡೆಸಬಹುದು. ಹಳೆಯ ಯಂತ್ರಗಳಿಗಾಗಿ ಸರಳವಾದ ಚಿತ್ರಣಪದ್ಧತಿಯೊಂದನ್ನು ಅದರಲ್ಲಿ ಪ್ರತ್ಯೇಕವಾಗಿ ಇಡಲಾಗಿದೆ. ಅದರ ಜಿಡಿಸ್ಕ್ರಿಪ್ಟ್ ಎಂಬ ಭಾಷೆಯು ನಮ್ಮ ಕಾಲೇಜುಗಳಲ್ಲಿ ಬೋಧಿಸುವ ಪೈಥಾನನ್ನು ಹೋಲುವುದರಿಂದ, ಅದನ್ನು ಬಲ್ಲ ವಿದ್ಯಾರ್ಥಿಗೆ ಕಲಿಕೆ ಕಷ್ಟವಾಗದು. ಎರಡು ಆಯಾಮಗಳ ಆಟಗಳಿಗೆ ಈ ಎಂಜಿನ್ ವಿಶೇಷವಾಗಿ ಅನುಕೂಲವಾಗಿದೆ. ಮೂಗೂರಿನ ವಿದ್ಯಾರ್ಥಿನಿಗೆ ಬೇಕಾದುದೂ ಇಂತಹದೇ.

ಇನ್ನು ಕನ್ನಡದ ವಿಷಯ. ಇದು ಈ ಲೇಖನದ ಕೇಂದ್ರ. ‘ತ್ರಿಪುರಸುಂದರಿ’ ಎಂಬ ಹೆಸರಿನ ಮೊದಲ ಅಕ್ಷರವನ್ನೇ ನೋಡೋಣ. ಯೂನಿಕೋಡ್ ಪದ್ಧತಿಯಲ್ಲಿ ಅದು ತಕಾರ, ವಿರಾಮಚಿಹ್ನೆ, ರಕಾರ, ಇಕಾರದ ಗುಣಿತಚಿಹ್ನೆ ಎಂಬ ನಾಲ್ಕು ಸಂಕೇತಗಳಾಗಿ ಶೇಖರವಾಗಿರುತ್ತದೆ. ಇವನ್ನು ಕೂಡಿಸಿ, ಗುಡಿಸನ್ನು ತಕಾರಕ್ಕೆ ಹಚ್ಚಿ, ರಕಾರವನ್ನು ಒತ್ತಾಗಿ ಕೆಳಗಿಳಿಸುವುದು ತಂತ್ರಾಂಶದ ಕೆಲಸ. ‘ಕರ್ನಾಟಕ’ ಎಂಬಲ್ಲಿ ರೇಫವು ಉಚ್ಚಾರಣೆಯಲ್ಲಿ ಮೊದಲು ಬಂದು, ಬರೆವಣಿಗೆಯಲ್ಲಿ ಅರ್ಕಾವೊತ್ತಾಗಿ ಹಿಂದಕ್ಕೆ ಸರಿಯಬೇಕು. ಗೊಡೊವಿನ ಮೂರನೆಯ ಆವೃತ್ತಿಗೆ ಈ ವಿದ್ಯೆ ತಿಳಿದಿರಲಿಲ್ಲ. ಅದು ಸಂಕೇತಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತೋರಿಸುತ್ತಿತ್ತು, ಒತ್ತಕ್ಷರಗಳೆಲ್ಲ ಒಡೆದುಹೋಗುತ್ತಿದ್ದುವು.

ಆಗ ಕನ್ನಡದಲ್ಲಿ ಆಟ ಕಟ್ಟುವವರಿಗೆ ಎರಡು ಉಪಾಯಗಳು ಉಳಿದಿದ್ದುವು. ಎರಡಕ್ಕೂ ನಮ್ಮ ಮುದ್ರಣದ ಚರಿತ್ರೆಯಲ್ಲಿ ಸಾದೃಶ್ಯವಿದೆ. ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಲ್ಲಚ್ಚಿಗೆ ಅಕ್ಷರವೂ ಒಂದು ಚಿತ್ರವೇ. ಇಡೀ ಪುಟವನ್ನು ಕೈಯಿಂದ ಬರೆಯಬೇಕು, ಒಂದು ತಪ್ಪನ್ನು ತಿದ್ದುವುದೂ ಕಷ್ಟ. ಆಟದಲ್ಲಿ ಕನ್ನಡದ ಪ್ರತಿ ಮಾತನ್ನೂ ಚಿತ್ರವಾಗಿ ಬರೆದು ಅಂಟಿಸುವುದು ಇದೇ ಬಗೆಯ ಉಪಾಯ. ಎರಡನೆಯದು, 1998ರಲ್ಲಿ ಬಂದ ಬರಹ ಹಾಗೂ ಅನಂತರದ ನುಡಿ ತಂತ್ರಾಂಶಗಳ ಹಳೆಯ ಮಾದರಿಯ ಅಕ್ಷರಗಳನ್ನು ಬಳಸುವುದು. ಅವುಗಳಲ್ಲಿ ಒತ್ತು, ಗುಣಿತಗಳಿಗೆ ಅಚ್ಚುಮೊಳೆಗಳಂತೆ ಬೇರೆ ಬೇರೆ ಸ್ಥಾನಗಳಿದ್ದುದರಿಂದ ಜೋಡಣೆಯ ಜ್ಞಾನವಿಲ್ಲದ ಯಂತ್ರದಲ್ಲಿಯೂ ಅವು ಮೂಡುತ್ತಿದ್ದುವು. ಆದರೆ ಆ ಪಾಠವನ್ನು ಬೇರೊಂದು ಅಕ್ಷರಮಾದರಿಗೆ ಬದಲಾಯಿಸಿದೊಡನೆ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು.

2023ರ ನಾಲ್ಕನೆಯ ಆವೃತ್ತಿಯಲ್ಲಿ ಅಕ್ಷರವಿಭಾಗವನ್ನು ಹೊಸದಾಗಿ ಕಟ್ಟಿ, ಹಾರ್ಫ್‌ಬಝ್ ಎಂಬ ಮತ್ತೊಂದು ಮುಕ್ತ ತಂತ್ರಾಂಶವನ್ನು ಅದರೊಳಗೆ ಸೇರಿಸಲಾಯಿತು. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಕನ್ನಡವನ್ನು ಜೋಡಿಸುವುದೂ ಇದೇ ತಂತ್ರಾಂಶ. ಅಲ್ಲಿಂದ ಮುಂದೆ ತ್ರಿಪುರಸುಂದರಿಯ ಹೆಸರು ಸರಿಯಾಗಿ ಮೂಡಲು ಹಾದಿಯಾಯಿತು. ಆದರೂ ಒಂದು ಎಚ್ಚರಿಕೆ ಅಗತ್ಯ. ಎಂಜಿನ್ನಿನ ಸಹಜ ಅಕ್ಷರಮಾದರಿಯಲ್ಲಿ ಕನ್ನಡವಿಲ್ಲ. ನೋಟೊ ಸಾನ್ಸ್ ಕನ್ನಡದಂತಹ ಮುಕ್ತ ಅಕ್ಷರಮಾದರಿಯೊಂದನ್ನು ಆಟದೊಳಗೇ ಸೇರಿಸಬೇಕು. ಇಲ್ಲವಾದರೆ ಗಣಕದಲ್ಲಿ ಸರಿಯಾಗಿ ಕಂಡ ಆಟವು ಅಂತರಜಾಲದ ಪುಟದಲ್ಲಿ ಖಾಲಿ ಚೌಕಗಳನ್ನು ತೋರಿಸುತ್ತದೆ.

ಈ ಘಟನೆಯಿಂದ ಹೊರಡುವ ತೀರ್ಮಾನವನ್ನು ಸೂಕ್ಷ್ಮವಾಗಿ ಗ್ರಹಿಸಬೇಕು. ಅಕ್ಷರಜೋಡಣೆ ಮುಕ್ತ ಎಂಜಿನ್ನಿಗೆ ಮಾತ್ರ ಸಾಧ್ಯವೆಂದು ಹೇಳಲಾಗದು. ಅನ್‌ರಿಯಲ್ ಎಂಬ ಖಾಸಗಿ ಎಂಜಿನ್ನಿನಲ್ಲಿಯೂ ಹಾರ್ಫ್‌ಬಝ್ ಇದೆ. ಗೊಡೊವಿನ ಮೂಲಪಾಠವಂತೂ 2014ರಿಂದಲೇ ಎಲ್ಲರ ಕೈಗೆ ಎಟಕುವಂತಿತ್ತು. ಆದರೂ ಕನ್ನಡವು ಅದರಲ್ಲಿ ನೆಟ್ಟಗೆ ಮೂಡಲು ಒಂಬತ್ತು ವರ್ಷಗಳು ಹಿಡಿದುವು. ಪರವಾನಗಿಯು ತಿದ್ದುವ ಹಕ್ಕನ್ನು ಕೊಡುತ್ತದೆ. ತಿದ್ದುವ ದುಡಿಮೆಯನ್ನು ಕೊಡುವುದಿಲ್ಲ. ವ್ಯತ್ಯಾಸವಿಷ್ಟೆ: ಖಾಸಗಿ ಎಂಜಿನ್ನಿನಲ್ಲಿ ಚಿಕ್ಕ ಭಾಷೆಯವರು ಕಂಪನಿಯ ಲಾಭನಷ್ಟದ ಲೆಕ್ಕವನ್ನು ಕಾಯಬೇಕು, ಇಲ್ಲಿ ಅವರು ತಾವೇ ಕೆಲಸಕ್ಕೆ ಇಳಿಯಬಹುದು. ಇಳಿಯದಿದ್ದರೆ ಎರಡು ಕಡೆಯೂ ಕಾಯುವುದೇ ಆಗುತ್ತದೆ.

ಇನ್ನು ದೋಷಗಳು. ವಿಶಾಲವಾದ ಮೂರು ಆಯಾಮಗಳ ದೃಶ್ಯಗಳನ್ನುಳ್ಳ ಆಟಗಳಲ್ಲಿ ಗೊಡೊ ಅನ್‌ರಿಯಲ್ಲಿಗೆ ಸಮನಲ್ಲ. ಸಿದ್ಧ ಸಾಮಗ್ರಿಗಳ ಭಂಡಾರವೂ ಅಷ್ಟು ದೊಡ್ಡದಲ್ಲ. ಪ್ಲೇಸ್ಟೇಶನ್, ನಿಂಟೆಂಡೊ ಮೊದಲಾದ ಆಟದ ಯಂತ್ರಗಳ ತಯಾರಕರು ತಮ್ಮ ತಾಂತ್ರಿಕ ವಿವರಗಳನ್ನು ಗೋಪ್ಯತೆಯ ಕರಾರಿನ ಮೇಲೆ ಮಾತ್ರ ಕೊಡುವುದರಿಂದ, ಆ ಭಾಗವನ್ನು ಮುಕ್ತ ಮೂಲಪಾಠದಲ್ಲಿ ಸೇರಿಸುವಂತಿಲ್ಲ. ಆ ಯಂತ್ರಗಳಿಗೆ ಆಟವನ್ನು ಒಯ್ಯಲು ಬೇರೆ ಕಂಪನಿಗಳ ಸೇವೆಯನ್ನು ಅವಲಂಬಿಸಬೇಕಾಗುತ್ತದೆ. ಮುಕ್ತತೆಯೇ ಇಲ್ಲಿ ಬಾಗಿಲನ್ನು ಮುಚ್ಚಿಸುತ್ತದೆಯೆಂಬುದು ಗಮನಾರ್ಹ. ಮೂರನೆಯ ಆವೃತ್ತಿಯಲ್ಲಿ ಕಟ್ಟಿದ ಆಟವು ನಾಲ್ಕನೆಯದರಲ್ಲಿ ಹಾಗೆಯೇ ನಡೆಯದು, ಬಹಳಷ್ಟನ್ನು ತಿದ್ದಬೇಕು. ಆದರೆ ಹಳೆಯ ಶಾಖೆಯನ್ನು ಕೈಬಿಡಲಾಗಿಲ್ಲವೆಂಬುದಕ್ಕೆ 2024ರಲ್ಲಿ ಬಂದ 3.6ನೆಯ ಆವೃತ್ತಿ ಸಾಕ್ಷಿ. ಅದೇ ವರ್ಷ ಭಿನ್ನಾಭಿಪ್ರಾಯದಿಂದ ರಿಡಾಟ್ ಎಂಬ ಪ್ರತ್ಯೇಕ ಕವಲು ಹುಟ್ಟಿತು. ಓಲೆಗರಿಯ ಗ್ರಂಥಗಳಿಗೆ ಪಾಠಾಂತರಗಳು ಹುಟ್ಟಿದಂತೆ ಮುಕ್ತ ಮೂಲಪಾಠಕ್ಕೂ ಹುಟ್ಟುತ್ತವೆ. ಅದರಿಂದ ಗ್ರಂಥ ನಾಶವಾಗದು, ಆದರೆ ದುಡಿಯುವವರ ಶಕ್ತಿ ಹಂಚಿಹೋಗುತ್ತದೆ.

ಉದ್ಯೋಗದ ಪ್ರಶ್ನೆಯನ್ನೂ ಅಧ್ಯಾಪಕರು ಮರೆಯುವಂತಿಲ್ಲ. ಕರ್ನಾಟಕದಲ್ಲಿ ಆಟನಿರ್ಮಾಣದ ಉದ್ಯಮ ಹೊಸದಲ್ಲ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸಂಸ್ಥೆ 1997ರಲ್ಲಿ ಸ್ಥಾಪಿತವಾಗಿ, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ ವಶವಾಯಿತು. ಆನಿಮೇಷನ್, ಆಟಗಳು ಮುಂತಾದ ಕ್ಷೇತ್ರಗಳಿಗಾಗಿ ರಾಜ್ಯ ಸರ್ಕಾರವು 2012ರಲ್ಲಿ ಒಂದು ನೀತಿಯನ್ನೂ, 2024ರಲ್ಲಿ ಐದು ವರ್ಷಗಳ ಮತ್ತೊಂದು ನೀತಿಯನ್ನೂ ಪ್ರಕಟಿಸಿತು. ಆದರೆ ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಬಯಸುವುದು ಯೂನಿಟಿ ಅಥವಾ ಅನ್‌ರಿಯಲ್ಲಿನ ಪರಿಚಯವನ್ನು; ಜಿಡಿಸ್ಕ್ರಿಪ್ಟಿಗೆ ಈ ಎಂಜಿನ್ನಿನ ಹೊರಗೆ ಬಳಕೆಯಿಲ್ಲ. ಕಲಿಕೆಯ ಸಾಮಗ್ರಿಯ ಬಹುಭಾಗ ಇಂಗ್ಲಿಷಿನಲ್ಲಿದೆ. ಆಟದೊಳಗೆ ಕನ್ನಡ ಮೂಡಿದರೂ ಆಟವನ್ನು ಕಟ್ಟುವ ವಿದ್ಯೆ ಇನ್ನೂ ಕನ್ನಡಕ್ಕೆ ಬರಬೇಕಾಗಿದೆ.

ಗುಣದೋಷಗಳನ್ನು ತೂಗಿ ನೋಡಿದಾಗ, ನಮ್ಮ ವಿದ್ಯಾರ್ಥಿನಿಗೆ ಗೊಡೊ ಯೋಗ್ಯವಾದ ಉಪಕರಣವೆಂದೇ ಹೇಳಬೇಕಾಗುತ್ತದೆ. ದೊಡ್ಡ ಉದ್ಯಮದ ಸ್ಪರ್ಧೆ ಆಕೆಯ ಉದ್ದೇಶವಲ್ಲ. ತನ್ನ ಊರನ್ನು ತನ್ನ ನುಡಿಯಲ್ಲಿ ತೋರಿಸುವುದು ಉದ್ದೇಶ. ಅದಕ್ಕೆ ಬೇಕಾದ ಲಾಘವವೂ ಲಿಪಿಯೂ ನಿರ್ಭಯತೆಯೂ ಇದರಲ್ಲಿವೆ. ಉದ್ಯೋಗವನ್ನು ಅಪೇಕ್ಷಿಸುವವರು ಇದರ ಜೊತೆಗೆ ಇನ್ನೊಂದು ಎಂಜಿನ್ನನ್ನೂ ಕಲಿಯುವುದು ವಿವೇಕ. ದೃಶ್ಯ, ಚಲನೆ, ಡಿಕ್ಕಿಗಳ ತತ್ತ್ವಗಳು ಎಲ್ಲೆಡೆಯೂ ಒಂದೇ ಆದುದರಿಂದ ಮೊದಲ ಕಲಿಕೆ ವ್ಯರ್ಥವಾಗದು.

ಕಾಲೇಜುಗಳ ಮುಂದೆ ಎರಡು ಸಣ್ಣ ಕೆಲಸಗಳಿವೆ. ಕಂಪ್ಯೂಟರ್ ವಿಭಾಗದವರೂ ಕನ್ನಡ ವಿಭಾಗದವರೂ ಸೇರಿ, ಒತ್ತಕ್ಷರಗಳ ಕಠಿಣ ಪದಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಂದು ಹೊಸ ಆವೃತ್ತಿಯಲ್ಲಿಯೂ ಪರೀಕ್ಷಿಸಿ, ಕಂಡ ದೋಷಗಳನ್ನು ಎಂಜಿನ್ನಿನ ನಿರ್ವಾಹಕರಿಗೆ ತಿಳಿಸಬಹುದು. ಜಿಲ್ಲೆಯ ಹಳ್ಳಿಗಳಲ್ಲಿ ಚೌಕಾಬಾರ, ಅಳಗುಳಿ ಮಣೆಗಳ ನಿಯಮಭೇದಗಳನ್ನು ವಿದ್ಯಾರ್ಥಿಗಳಿಂದ ಸಂಗ್ರಹಿಸಿ, ಅವನ್ನೇ ಅಭ್ಯಾಸದ ಆಟಗಳಾಗಿ ಕಟ್ಟಿಸಬಹುದು. ಮುಮ್ಮಡಿಯವರು ಅರಮನೆಯ ಆಟಗಳಿಗೆ ಮಾಡಿದ ದಾಖಲೆಯ ಕೆಲಸವು ಹಳ್ಳಿಯ ಆಟಗಳಿಗೂ ಇದರಿಂದ ಸ್ವಲ್ಪಮಟ್ಟಿಗೆ ನೆರವೇರೀತು. ಉಪಕರಣವು ಎಲ್ಲರದೂ ಆಗಿದೆ. ಅದರ ಪಾಲನೆಯಲ್ಲಿ ಕನ್ನಡಿಗರ ಪಾಲು ಎಷ್ಟೆಂಬುದನ್ನು ನಾವೇ ನಿರ್ಧರಿಸಬೇಕಾಗಿದೆ.