ಸಿಂಪ್ಯೂಟರ್: ಬೆಂಗಳೂರಿನ ಬಡವರ ಕಂಪ್ಯೂಟರ್ ಎಲ್ಲಿ ಹೋಯಿತು?

ಇನ್ನಂಜೆ, ಶಂಕರಪುರದ ಕಡೆ ಮಲ್ಲಿಗೆ ಗಿಡಗಳಿಗೆ ನೀರು ಬಿಡುವ ಪಂಪನ್ನು ಹೊತ್ತಿಗೆ ಸರಿಯಾಗಿ ಆನ್-ಆಫ್ ಮಾಡಲು ಒಂದು ಸಣ್ಣ ಕಂಪ್ಯೂಟರ್ ಬೇಕು ಅಂದುಕೊಳ್ಳಿ. ವಿಚಾರಿಸಿದರೆ ಮೊದಲು ಕೇಳಿಬರುವ ಹೆಸರು ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನದ್ದು. 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಾಗ ಬೆಲೆ 35 ಡಾಲರ್. ಆದರೆ ಅಗ್ಗದ, ಕರೆಂಟು ಕಡಿಮೆ ತಿನ್ನುವ ಕಂಪ್ಯೂಟರನ್ನು ನಮ್ಮ ರಾಜ್ಯದಲ್ಲೇ ಅದಕ್ಕಿಂತ ಹತ್ತು ವರ್ಷ ಮೊದಲು ಮಾಡಿದ್ದರು. ಅದರ ಹೆಸರು ಸಿಂಪ್ಯೂಟರ್.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮುಂತಾದವರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ತೋರಿಸಿದರು. ಅಂಗೈಯಲ್ಲಿ ಹಿಡಿಯುವ ಗಾತ್ರ, ಲಿನಕ್ಸ್ ಸಾಫ್ಟ್‌ವೇರ್, ಕಡ್ಡಿಯಿಂದ ಮುಟ್ಟುವ ಪರದೆ. ಹಾರ್ಡ್ ಡಿಸ್ಕ್ ಇಲ್ಲ. ಓದಲು ಬಾರದವರಿಗೆ ಅಕ್ಷರವನ್ನು ಓದಿ ಹೇಳಲು 'ಧ್ವನಿ' ಎಂಬ ತಂತ್ರಾಂಶ, ಕನ್ನಡವೂ ಅದರಲ್ಲಿತ್ತು.

ನಮಗೆ ಇವತ್ತಿಗೂ ಬಹಳ ಹಿಡಿಸುವುದು ಅದರ ಸ್ಮಾರ್ಟ್ ಕಾರ್ಡಿನ ಯೋಚನೆ. ಪ್ರತಿ ಮನೆಗೂ ಒಂದು ಯಂತ್ರ ಕೊಳ್ಳಲಾಗದು ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಊರಿಗೊಂದು ಸಿಂಪ್ಯೂಟರ್, ಮನೆಗೊಂದು ಕಾರ್ಡ್. ಕಾರ್ಡ್ ಹಾಕಿದರೆ ನಿಮ್ಮ ಲೆಕ್ಕ, ನಿಮ್ಮ ಮಾಹಿತಿ. ತೆಗೆದರೆ ಯಂತ್ರ ಪಕ್ಕದ ಮನೆಯವರದ್ದು. ವಿನ್ಯಾಸವನ್ನೂ ಬಚ್ಚಿಡಲಿಲ್ಲ. ಟ್ರಸ್ಟಿನ ಲೈಸೆನ್ಸಿನ ಷರತ್ತಿಗೆ ಒಪ್ಪಿದವರು ತಾವೂ ತಯಾರಿಸಬಹುದಿತ್ತು.

ಎಡವಿದ್ದು ಬೆಲೆಯಲ್ಲಿ. 2004ರಲ್ಲಿ ಪಿಕೊಪೆಟಾ ಕಂಪನಿ ಬಿಇಎಲ್ ಜೊತೆ ಸೇರಿ 'ಅಮಿಡಾ' ಎಂಬ ಸಿಂಪ್ಯೂಟರ್ ಬಿಡುಗಡೆ ಮಾಡಿದಾಗ ಬೆಲೆ 9,950 ರೂಪಾಯಿಯಿಂದ ಶುರು. ಆ ಕಾಲದ ಹಳ್ಳಿ ಮನೆಗೆ ಅದು ಸಣ್ಣ ಮೊತ್ತವೇ? ಲಕ್ಷಗಟ್ಟಲೆ ತಯಾರಾದರೆ ಬೆಲೆ ಇಳಿಯುತ್ತದೆ, ಇಳಿಯದೆ ಲಕ್ಷಗಟ್ಟಲೆ ಹೋಗುವುದಿಲ್ಲ. ಭೂದಾಖಲೆ ಕೆಲಸಕ್ಕೆ ಕರ್ನಾಟಕ ಸರಕಾರ ಒಂದಷ್ಟು ಬಳಸಿತು, ಛತ್ತೀಸ್‌ಗಢದ ಶಾಲೆಗಳಲ್ಲಿ ಪ್ರಯೋಗ ನಡೆಯಿತು. ಒಟ್ಟು ಮಾರಾಟ ಕೆಲವು ಸಾವಿರ ದಾಟಲಿಲ್ಲ. ಅಷ್ಟರಲ್ಲಿ ಮೊಬೈಲು ಅಗ್ಗವಾಗಿ ಜನರ ಜೇಬಿಗೆ ಬಂದಾಗಿತ್ತು. ಸೋತದ್ದು ಯಂತ್ರ, ಯೋಚನೆಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಸಿಂಪ್ಯೂಟರಿಗೂ ಪೈಗೂ ಒಂದು ರಕ್ತಸಂಬಂಧ ಇದೆ. ಎರಡರ ಒಳಗೂ ಇರುವುದು 'ಆರ್ಮ್' ಜಾತಿಯ ಚಿಪ್. ಇದನ್ನು ಮೊದಲು ಮಾಡಿದ್ದು ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ, 1985ರಲ್ಲಿ. ಮೊದಲ ಚಿಪ್ಪನ್ನು ಪರೀಕ್ಷಿಸುವಾಗ ಅದಕ್ಕೆ ಕರೆಂಟಿನ ತಂತಿಯೇ ಸೇರಿರಲಿಲ್ಲವಂತೆ. ಪಕ್ಕದ ತಂತಿಗಳಿಂದ ಸೋರಿ ಬಂದ ಕರೆಂಟಿನಲ್ಲೇ ಅದು ಓಡುತ್ತಿತ್ತು! ಇವತ್ತು ನಮ್ಮ ಕೈಯಲ್ಲಿರುವ ಫೋನುಗಳಲ್ಲೂ ಅದೇ ವಂಶದ ಚಿಪ್.

ಬಿಲ್ಲಿನ ಲೆಕ್ಕಕ್ಕೆ ಬನ್ನಿ. 100 ವಾಟಿನ ಹಳೇ ಡೆಸ್ಕ್‌ಟಾಪ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ 72 ಯೂನಿಟ್. 3 ವಾಟಿನ ಪುಟ್ಟ ಬೋರ್ಡ್ ಆದರೆ ಎರಡು ಯೂನಿಟ್ ಮತ್ತು ಸ್ವಲ್ಪ.

ಆದರೂ ಬರೀ ಪಂಪಿಗಾಗಿ ಪೈ ಕೊಳ್ಳಬೇಡಿ. ಅದು ಪೂರ್ತಿ ಕಂಪ್ಯೂಟರ್. ಹೊಸ ಮಾದರಿಗಳು ಈಗ 35 ಡಾಲರಿಗೆಲ್ಲ ಸಿಗುವುದೂ ಕಷ್ಟ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದರೆ ಅದರ ಮೆಮೊರಿ ಕಾರ್ಡ್ ಕೆಡಬಹುದು. ಟೈಮರ್, ಮಣ್ಣಿನ ತೇವ ನೋಡುವ ಸೆನ್ಸರ್, ಇಷ್ಟೇ ಕೆಲಸಕ್ಕೆ ಇಎಸ್‌ಪಿ32 ಎಂಬ ಬೋರ್ಡ್ ಸಾಕು, ಕೆಲವು ನೂರು ರೂಪಾಯಿ ಅಷ್ಟೆ. ವೈಫೈ ಅದರಲ್ಲೇ ಇದೆ. ಕರೆಂಟು ಹೋದರೂ ಬಂದ ಕೂಡಲೇ ತಾನೇ ಶುರುವಾಗುತ್ತದೆ. ಪಂಪಿನ ಲೈನಿಗೆ ಮಾತ್ರ ನೀವೇ ಕೈ ಹಾಕಬೇಡಿ. ಅಲ್ಲಿ ಕಾಂಟ್ಯಾಕ್ಟರ್ ಕೂರಿಸಲು ಊರಿನ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ.