ತನ್ನ ಲೆಕ್ಕ ತಾನೇ ನೋಡಿಕೊಂಡ ವೈದ್ಯ ಸಂಘ

ಬ್ರಿಟಿಷ್ ಸೊಸೈಟಿ ಆಫ್ ಗ್ಯಾಸ್ಟ್ರೋಎಂಟರಾಲಜಿ 1937ರಲ್ಲಿ ಹುಟ್ಟಿದ್ದು ಒಂದು ಚಿಕ್ಕ ಕ್ಲಬ್ಬಾಗಿ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಆರ್ಥರ್ ಹರ್ಸ್ಟ್ ಅದರ ಸ್ಥಾಪಕ, ಮೊದಲ ಅಧ್ಯಕ್ಷ. ಅಮೆರಿಕದಲ್ಲಿ ಇಂಥದೇ ಸಂಘ 1897ರಲ್ಲೇ ಫಿಲಡೆಲ್ಫಿಯಾದಲ್ಲಿ ಹುಟ್ಟಿತ್ತು. ಬ್ರಿಟನ್ನಿನಲ್ಲಿ ಮಾತ್ರ ಜಠರ, ಕರುಳು, ಯಕೃತ್ತಿನ ರೋಗಗಳನ್ನು ಸಾಮಾನ್ಯ ವೈದ್ಯರೂ ಶಸ್ತ್ರವೈದ್ಯರೂ ಹಂಚಿಕೊಂಡು ನೋಡುತ್ತಿದ್ದರು. ಒಬ್ಬ ವೈದ್ಯ ಕೇವಲ ಹೊಟ್ಟೆಯ ತಜ್ಞನಾಗಬೇಕೆಂಬ ಮಾತಿಗೆ ಅಲ್ಲಿ ಹೆಚ್ಚಿನ ಬೆಲೆ ಇರಲಿಲ್ಲ. ಯುದ್ಧ ಬಂತು, 1944ರಲ್ಲಿ ಹರ್ಸ್ಟ್ ತೀರಿಕೊಂಡರು. ಕ್ಲಬ್ಬು ಮಾತ್ರ ಉಳಿದು ಸಂಘವಾಯಿತು, 1960ರಲ್ಲಿ 'ಗಟ್' ಎಂಬ ನಿಯತಕಾಲಿಕೆಯೂ ಆರಂಭವಾಯಿತು.

ಸಂಘದ ಸ್ವರೂಪವನ್ನೇ ಬದಲಿಸಿದ್ದು ಎಂಡೋಸ್ಕೋಪಿ, ಅಂದರೆ ನಳಿಗೆ ಇಳಿಸಿ ಜಠರ, ಕರುಳುಗಳನ್ನು ಒಳಗಿನಿಂದ ನೋಡುವ ವಿಧಾನ. ಬಾಗುವ ಗಾಜಿನೆಳೆಗಳ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬ್ ಮೂಲದ ನರೀಂದರ್ ಸಿಂಗ್ ಕಪಾನಿ 1954ರಲ್ಲಿ ತೋರಿಸಿದರು. ಅದನ್ನು ಓದಿದ ಬೇಸಿಲ್ ಹಿರ್ಶೋವಿಟ್ಸ್ 1957ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಇಂಥ ಎಳೆಗಳ ಜಠರದರ್ಶಕವನ್ನು ಸಿದ್ಧಪಡಿಸಿ, ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. ಹದಿನೈದಿಪ್ಪತ್ತು ವರ್ಷಗಳಲ್ಲಿ ಈ ಉಪಕರಣ ಊರೂರಿನ ಆಸ್ಪತ್ರೆಗೂ ತಲುಪಿತು. ಬ್ರಿಟನ್ನಿನ ಎಂಡೋಸ್ಕೋಪಿ ತಜ್ಞರು 1971ರಲ್ಲಿ ಕಟ್ಟಿಕೊಂಡ ಬೇರೆ ಸಂಘವೂ 1980ರಲ್ಲಿ ಮಾತೃಸಂಘದಲ್ಲಿ ವಿಲೀನವಾಯಿತು.

ಉಪಕರಣ ಹರಡಿದಷ್ಟು ಬೇಗ ತರಬೇತಿ ಹರಡಲಿಲ್ಲ. ಸಮ್ಮೇಳನ, ಪದಕ, ಉಪನ್ಯಾಸಗಳು ಎಲ್ಲ ವೃತ್ತಿಸಂಘಗಳಲ್ಲೂ ನಡೆಯುತ್ತವೆ. ಈ ಸಂಘ ಅದಕ್ಕಿಂತ ಕಷ್ಟದ ಕೆಲಸಕ್ಕೆ ಇಳಿದು, ತನ್ನವರ ಕೈಯಲ್ಲಿ ರೋಗಿಗೆ ಏನಾಗುತ್ತಿದೆ ಎಂದು ಎಣಿಸತೊಡಗಿತು. ಇಂಗ್ಲೆಂಡಿನ ಎರಡು ಪ್ರಾಂತಗಳಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜಠರ ಎಂಡೋಸ್ಕೋಪಿಗಳನ್ನು ಪರಿಶೀಲಿಸಿದ ವರದಿ 1995ರಲ್ಲಿ 'ಗಟ್'ನಲ್ಲೇ ಅಚ್ಚಾಯಿತು. ರೋಗ ಪತ್ತೆಗೆಂದು ಮಾತ್ರ ಮಾಡಿದ ಪರೀಕ್ಷೆಯಲ್ಲೂ 2,000ಕ್ಕೆ ಒಬ್ಬರು ಸಾಯುತ್ತಿದ್ದರು. ಮಂಪರು ಔಷಧ ಕೊಟ್ಟ ಮೇಲೆ ರೋಗಿಯ ಉಸಿರು, ನಾಡಿಗಳ ಮೇಲೆ ನಿಗಾ ಇಡುವುದು ಎಷ್ಟೋ ಕಡೆ ಸಾಲದಾಗಿತ್ತು. ಆ ಹೊತ್ತಿಗೆ, 1994ರಲ್ಲಿ, ರಾಯಲ್ ಕಾಲೇಜುಗಳೊಡನೆ ಸೇರಿ ಎಂಡೋಸ್ಕೋಪಿ ತರಬೇತಿಗೆಂದು ಜಂಟಿ ಸಲಹಾ ಸಮಿತಿಯೊಂದೂ ರಚನೆಯಾಗಿತ್ತು.

ಇನ್ನೂ ಮುಜುಗರದ ಲೆಕ್ಕ ಬಂದದ್ದು 2004ರಲ್ಲಿ. ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಕೊಲೊನೋಸ್ಕೋಪಿಯಲ್ಲಿ ನಳಿಗೆ ಆ ಕರುಳಿನ ಆಚೆಯ ತುದಿಯಾದ ಸೀಕಮ್‌ವರೆಗೆ ತಲುಪಬೇಕು. ತಲುಪದಿದ್ದರೆ ಆಚೆಗಿನ ಗಡ್ಡೆ ಕಣ್ಣಿಗೆ ಬೀಳುವುದೇ ಇಲ್ಲ. 9,223 ಪರೀಕ್ಷೆಗಳನ್ನು ನೋಡಿದಾಗ, ತಲುಪಿದೆವು ಎಂದು ವೈದ್ಯರು ಬರೆದದ್ದು ಶೇಕಡಾ 76.9ರಲ್ಲಿ. ತಲುಪಿದ್ದಕ್ಕೆ ಖಚಿತ ಗುರುತುಗಳನ್ನು ಕೇಳಿದಾಗ ಅದು 56.9ಕ್ಕೆ ಇಳಿಯಿತು. ತಮ್ಮ ಮೊದಲ ನೂರು ಪರೀಕ್ಷೆಗಳನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದವರು ಶೇಕಡಾ 17 ಮಾತ್ರ. ಕರುಳು ಕ್ಯಾನ್ಸರಿನ ರಾಷ್ಟ್ರೀಯ ತಪಾಸಣೆ ಹೊಸ್ತಿಲಲ್ಲಿದ್ದಾಗ ಹೊರಬಿದ್ದ ಅಂಕಿ ಇದು. ಇಂಥದನ್ನು ಕಡತದಲ್ಲೇ ಉಳಿಸಿಬಿಡುವ ಸಂಘಗಳು ಕಡಿಮೆಯೇನಲ್ಲ.

ತಪಾಸಣೆ 2006ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದಾಗ, ವೈದ್ಯರು ಎಷ್ಟೇ ಹಿರಿಯರಾದರೂ ಕೌಶಲದ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಅದರಲ್ಲಿ ಕೊಲೊನೋಸ್ಕೋಪಿ ಮಾಡುವಂತಿರಲಿಲ್ಲ. ತರಬೇತಿ ಕೇಂದ್ರಗಳು ತೆರೆದವು, ಘಟಕಗಳಿಗೆ ಮಾನ್ಯತೆಯ ಪದ್ಧತಿ ಬಂತು. 2011ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪರೀಕ್ಷೆಗಳನ್ನು ಮತ್ತೆ ಎಣಿಸಿದರು. ಸೀಕಮ್ ತಲುಪುವ ಪ್ರಮಾಣ ಶೇಕಡಾ 90 ದಾಟಿತ್ತು, ಕರುಳು ತೂತಾಗುವುದು ಅರ್ಧಕ್ಕಿಂತ ಕಡಿಮೆಯಾಗಿತ್ತು. ಇದಕ್ಕೆ ಹೊಸ ಉಪಕರಣಗಳೂ ಕಾರಣವಿರಬಹುದು. ಆದರೆ ಉಪಕರಣ ಕೊಂಡ ಮಾತ್ರಕ್ಕೆ ಕೈ ಪಳಗುವುದಿಲ್ಲ.

ಆಗಾಗ ನಡೆಯುತ್ತಿದ್ದ ಈ ಎಣಿಕೆ ಈಚೆಗೆ ದಿನನಿತ್ಯದ್ದಾಗಿದೆ. ಆಸ್ಪತ್ರೆಯಲ್ಲಿ ವೈದ್ಯರು ಬರೆಯುವ ಎಂಡೋಸ್ಕೋಪಿ ವರದಿಯ ವಿವರಗಳು ರಾಷ್ಟ್ರೀಯ ದತ್ತಾಂಶ ಕೋಶಕ್ಕೆ ತಾವಾಗಿಯೇ ಸೇರುತ್ತವೆ.