ಗಾಡಿ ಕಪ್ಪಾಗಲಿ, ಲೈಟು ಕಪ್ಪಾಗದಿರಲಿ: ಘಾಟಿ ರಸ್ತೆಯ ಕತ್ತಲು–ಬೆಳಕಿನ ಚರಿತ್ರೆ

ಮೂಡಿಗೆರೆ ಪೇಟೆಯಲ್ಲಿ, ಕೊಟ್ಟಿಗೆಹಾರದ ಹೋಟೆಲುಗಳ ಮುಂದೆ, ಕಳಸದ ರಥಬೀದಿಯ ಆಚೀಚೆ ಈಗ ಕಪ್ಪು ಗಾಡಿಗಳದ್ದೇ ಕಾರುಬಾರು. ಹೊಸ ಥಾರ್ ಇರಲಿ, ಅಪ್ಪನ ಕಾಲದ ಜೀಪಿರಲಿ, ಗೊಬ್ಬರ ಹೊರುವ ಪಿಕಪ್ಪೇ ಇರಲಿ, ಎಲ್ಲಕ್ಕೂ ಕಪ್ಪು ಬೇಕು. ಗ್ರಿಲ್ಲು, ಬಂಪರು, ಚಕ್ರದ ರಿಮ್ಮು, ಕನ್ನಡಿಯ ಹಿಂಭಾಗ ಎಲ್ಲ ಕಪ್ಪಾಗುತ್ತದೆ. ಹೊಳೆಯುತ್ತಿದ್ದ ಕ್ರೋಮಿನ ಮೇಲೆ ಸ್ಟಿಕ್ಕರ್ ಬೀಳುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಇದರಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ.

ಆದರೆ ಕೆಲವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಹಿಂದಿನ ಕೆಂಪು ಲೈಟು, ಇಂಡಿಕೇಟರು, ಕೊನೆಗೆ ರಿಫ್ಲೆಕ್ಟರಿಗೂ ಹೊಗೆಬಣ್ಣದ ಫಿಲ್ಮ್ ಅಂಟಿಸುತ್ತಾರೆ. ಗಾಡಿಗೆ ಕಪ್ಪು ಬಳಿಯುವುದು ಇಂದಿನ ಫ್ಯಾಷನ್ ಎಂದು ನಾವು ಅಂದುಕೊಂಡಿದ್ದೇವೆ. ನಿಜವಾಗಿ ಇದಕ್ಕೆ ನೂರು ವರ್ಷ ದಾಟಿದ ಚರಿತ್ರೆ ಇದೆ. ಹಿಂದಿನವರು ಎಲ್ಲಿಗೆ ಕಪ್ಪು ಬಳಿದರು, ಎಲ್ಲಿಗೆ ಬಳಿಯಲಿಲ್ಲ, ಯಾಕೆ ಎಂಬುದನ್ನು ಆ ಚರಿತ್ರೆ ಹೇಳುತ್ತದೆ.

ಅಗ್ಗದ ಕಪ್ಪು

ಅಮೆರಿಕದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಅಂದಕ್ಕಾಗಿ ಆರಿಸಿಕೊಂಡ ಬಣ್ಣ ಅದಲ್ಲ. ಆ ಕಪ್ಪು ಅಗ್ಗವಾಗಿತ್ತು, ಬಾಳಿಕೆ ಬರುತ್ತಿತ್ತು. ಒಂದೇ ಬಣ್ಣವಾದರೆ ಕಾರ್ಖಾನೆಯ ಕೆಲಸವೂ ಸಲೀಸು.

ಮೊದಮೊದಲ ಹಲವು ಕಾರುಗಳಿಗೆ ಹಿತ್ತಾಳೆಯ ದೀಪಗಳಿರುತ್ತಿದ್ದವು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿದರೆ ಹೊರಡುವ ಅಸಿಟಲಿನ್ ಅನಿಲದಿಂದ ಅವು ಉರಿಯುತ್ತಿದ್ದವು. ಮೈಯೆಲ್ಲ ಕಪ್ಪಾಗಿದ್ದರೂ ದೀಪ ಮಾತ್ರ ಫಳಫಳ. ನಮ್ಮಲ್ಲಿ ಎತ್ತಿನ ಗಾಡಿಯ ಅಡಿಗೆ ಲಾಟೀನು ತೂಗುಹಾಕುತ್ತಿದ್ದರಲ್ಲ, ಅದೂ ಇದೇ ಲೆಕ್ಕ. ದಾರಿ ಎತ್ತಿಗೆ ಗೊತ್ತೇ ಇತ್ತು. ಲಾಟೀನು ಬೇಕಾಗಿದ್ದುದು ಹಿಂದಿನಿಂದ, ಎದುರಿನಿಂದ ಬರುವವರಿಗೆ ಇಲ್ಲೊಂದು ಗಾಡಿ ಇದೆ ಎಂದು ತಿಳಿಸಲು.

ಯುದ್ಧ ಬಳಿದ ಕಪ್ಪು

ಲೈಟಿಗೇ ಕಪ್ಪು ಬಂದದ್ದು ಎರಡನೇ ಮಹಾಯುದ್ಧದಲ್ಲಿ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿ ರಾತ್ರಿ ದೀಪ ತೋರಿಸಬಾರದೆಂದು ಆಜ್ಞೆಯಾಯಿತು. ಆಕಾಶದಲ್ಲಿ ಹಾರುವ ಶತ್ರು ವಿಮಾನಕ್ಕೆ ಊರು ಕಾಣಬಾರದು. ಕಾರು, ಲಾರಿಗಳ ಹೆಡ್‌ಲೈಟಿಗೆ ಮುಸುಕು ಹಾಕಿ ಸಣ್ಣ ಸೀಳುಗಳಲ್ಲಿ ಮಾತ್ರ ಬೆಳಕು ಬಿಟ್ಟರು.

ಪರಿಣಾಮ ಬೇಗನೆ ಕಂಡಿತು. 1938ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತವರು 6,648 ಮಂದಿ. 1941ರಲ್ಲಿ ಆ ಸಂಖ್ಯೆ 9,169ಕ್ಕೆ ಏರಿತು. ಪೆಟ್ರೋಲಿಗೆ ರೇಷನ್ ಬಂದು ರಸ್ತೆಯಲ್ಲಿ ಗಾಡಿಗಳೇ ಕಡಿಮೆಯಾಗಿದ್ದವು. ಆದರೂ ಸಾವು ಹೆಚ್ಚಿತು. ಆಗ ಅಲ್ಲಿನವರು ಏನು ಮಾಡಿದರು ಗೊತ್ತೇ? ರಸ್ತೆ ಬದಿಯ ಕಲ್ಲಿಗೆ, ಮರದ ಬುಡಕ್ಕೆ, ಗಾಡಿಗಳ ಬಂಪರಿಗೆ, ಮಡ್‌ಗಾರ್ಡಿಗೆ ಬಿಳಿ ಬಣ್ಣ ಬಳಿದರು. ಲೈಟು ಕಪ್ಪಾದ ಮೇಲೆ ಗಾಡಿಯನ್ನಾದರೂ ಬಿಳಿ ಮಾಡಲೇಬೇಕಾಯಿತು. ನಮ್ಮ ರಾಜ್ಯದ ರಸ್ತೆ ಬದಿಯ ಸಾಲುಮರಗಳ ಬುಡಕ್ಕೆ ಬಳಿದ ಬಿಳಿ ಪಟ್ಟಿ ನೋಡಿದ್ದೀರಲ್ಲ, ರಾತ್ರಿ ಹೊತ್ತು ಚಾಲಕನಿಗೆ ಅದೂ ಇದೇ ಉಪಕಾರ ಮಾಡುತ್ತದೆ.

ಯುದ್ಧ ನಮ್ಮ ದೇಶದ ಬಾಗಿಲಿಗೂ ಬಂದಿತ್ತು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದವು. ಪೆಟ್ರೋಲಿನ ಅಭಾವದಿಂದ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದ ಕಾಲ ಅದು.

ಜೀಪು ಕಲಿಸುವ ಪಾಠ

ನಮ್ಮ ಮಲೆನಾಡಿನ ಅಚ್ಚುಮೆಚ್ಚಿನ ಜೀಪು ಹುಟ್ಟಿದ್ದೂ ಆ ಯುದ್ಧದಲ್ಲೇ. ಅಮೆರಿಕದ ಸೈನ್ಯಕ್ಕೆಂದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಇದನ್ನು ಲಕ್ಷಗಟ್ಟಲೆ ತಯಾರಿಸಿದವು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿತು. ಕೆಸರು, ಕಡಿದಾದ ಏರು, ಕಲ್ಲು ರಸ್ತೆ ಯಾವುದಕ್ಕೂ ಹೆದರದ ಈ ಗಾಡಿ ಕಾಫಿ ತೋಟಗಳಿಗೆ ಹೇಳಿ ಮಾಡಿಸಿದಂತಿತ್ತು.

ಸೈನ್ಯದ ಆ ಮೊದಲ ಜೀಪುಗಳ ಲೈಟುಗಳನ್ನು ನೋಡಬೇಕು. ಗಾಡಿ ಪೂರ್ತಿ ಮಂಕು ಹಸಿರು, ಎಲ್ಲೂ ಹೊಳಪಿಲ್ಲ. ಮಾಮೂಲಿ ಹೆಡ್‌ಲೈಟಿನ ಜೊತೆಗೆ ಬೆಕ್ಕಿನ ಕಣ್ಣಿನಂಥ ಪುಟ್ಟ ದೀಪಗಳು ಮುಂದೆಯೂ ಹಿಂದೆಯೂ ಇದ್ದವು. ಕತ್ತಲಲ್ಲಿ ಸಾಲಾಗಿ ಹೋಗುವಾಗ ಇವನ್ನು ಮಾತ್ರ ಉರಿಸುತ್ತಿದ್ದರು. ಹಿಂದಿನ ದೀಪಗಳನ್ನು ಎಷ್ಟು ಜಾಣತನದಿಂದ ಮಾಡಿದ್ದರೆಂದರೆ, ದೂರದಿಂದ ಅದು ಒಂದೇ ಚುಕ್ಕೆಯಾಗಿ ಕಾಣುತ್ತಿತ್ತು, ಹತ್ತಿರವಾದಂತೆ ಆ ಚುಕ್ಕೆ ಒಡೆದು ಬಿಡಿಬಿಡಿಯಾಗಿ ಕಾಣುತ್ತಿತ್ತು. ಮುಂದಿನ ಗಾಡಿಗೂ ತನಗೂ ಎಷ್ಟು ಅಂತರವಿದೆ ಎಂದು ಹಿಂದಿನ ಚಾಲಕ ಅದನ್ನು ನೋಡಿಯೇ ಅಳೆಯುತ್ತಿದ್ದ.

ಶತ್ರುವಿನಿಂದ ಅಡಗಿಕೊಳ್ಳಲೇಬೇಕಾದ ಸೈನ್ಯ ಕೂಡ ಹಿಂದೆ ಬರುವವನಿಗೆ ತೋರುವ ದೀಪವನ್ನು ಆರಿಸಲಿಲ್ಲ. ಚರಿತ್ರೆಯಲ್ಲಿ ನಮಗೆ ತುಂಬ ಹಿಡಿಸಿದ ಸಂಗತಿ ಇದು.

ಇನ್ನೊಂದು ಮಾತು. ಜೀಪಿಗೆ ಸೈನ್ಯದ ಹಸಿರು ಬಳಿಸುವ ಆಸೆ ಈಗಲೂ ಹಲವರಿಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಕಪ್ಪಿಗೆ ಅಂಥ ಅಡ್ಡಿಯಿಲ್ಲ.

ಅರ್ಧ ಕಪ್ಪಾದ ಹೆಡ್‌ಲೈಟು

1971ರ ಡಿಸೆಂಬರ್ ಯುದ್ಧದಲ್ಲಿ ಮುಂಬಯಿ, ದೆಹಲಿಯಂಥ ಊರುಗಳಲ್ಲಿ ಮತ್ತೆ ದೀಪ ಆರಿಸುವ ಆಜ್ಞೆಯಾಯಿತು. ಗಾಡಿಗಳ ಹೆಡ್‌ಲೈಟಿನ ಮೇಲಿನ ಅರ್ಧಕ್ಕೆ ಕಪ್ಪು ಬಳಿದರು. ಯುದ್ಧ ಮುಗಿದ ಎಷ್ಟೋ ವರ್ಷಗಳ ನಂತರವೂ ಬಸ್ಸು, ಲಾರಿ, ಸ್ಕೂಟರುಗಳ ಹೆಡ್‌ಲೈಟಿನ ಮೇಲೆ ಕಪ್ಪು ಪಟ್ಟಿ ಅಥವಾ ನಡುವೆ ಕಪ್ಪು ಬೊಟ್ಟು ಕಾಣುತ್ತಿತ್ತು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ನೆನಪಿರುತ್ತದೆ. ಆಗ ಅದರ ಉದ್ದೇಶ ವಿಮಾನದಿಂದ ಅಡಗುವುದಲ್ಲ. ಎದುರಿಗೆ ಬರುವವನ ಕಣ್ಣು ಕೋರೈಸದಿರಲಿ ಎಂಬುದು.

ಲಾರಿಗಳ ಮೇಲೆ ಇನ್ನೊಂದು ಕಪ್ಪೂ ಇರುತ್ತಿತ್ತು. ದೃಷ್ಟಿ ತಾಗದಿರಲೆಂದು ಕಟ್ಟುವ ಕರಿದಾರ, ಕರಿಕೂದಲ ಕುಚ್ಚು, ಹಳೇ ಚಪ್ಪಲಿ. ಉಳಿದಂತೆ ಲಾರಿಯ ಹಿಂಬದಿ ಪೂರ್ತಿ ಬಣ್ಣ: ಹಳದಿ, ಕೆಂಪು, ಹೂವು, ಹಾರನ್ ಮಾಡಿ ಎಂಬ ಬರಹ. ಹಿಂದೆ ಬರುವವನ ಕಣ್ಣಿಗೆ ಬೀಳಲೇಬೇಕೆಂದು ಬಳಿದ ಬಣ್ಣವದು.

ಕಾನೂನು ಎಲ್ಲಿ ಗೆರೆ ಎಳೆಯಿತು

1914ರಲ್ಲಿ, ಮತ್ತೆ 1939ರಲ್ಲಿ ದೇಶಕ್ಕೆ ಮೋಟಾರು ವಾಹನ ಕಾಯ್ದೆಗಳು ಬಂದವು. ಈಗ ನಡೆಯುತ್ತಿರುವುದು 1988ರ ಕಾಯ್ದೆ ಮತ್ತು 1989ರ ಕೇಂದ್ರ ನಿಯಮಗಳು. ಇವುಗಳಲ್ಲಿ ಗಾಡಿಯ ಮೈ ಕಪ್ಪಿರಬಾರದು ಎಂದಿಲ್ಲ. ಗೆರೆ ಇರುವುದು ಬೆಳಕಿನ ಬಳಿ.

105ನೇ ನಿಯಮ: ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ, ಹುಟ್ಟುವ ಅರ್ಧ ಗಂಟೆ ಮೊದಲಿನವರೆಗೆ ಲೈಟು ಉರಿಯಬೇಕು. ಹಿಂದಿನ ಕೆಂಪು ಲೈಟು 155 ಮೀಟರ್ ದೂರಕ್ಕೆ ಕಾಣಬೇಕು. ಹಿಂದಿನ ನಂಬರ್ ಪ್ಲೇಟು 15 ಮೀಟರಿನಿಂದ ಓದಲು ಬರುವಂತೆ ಅದಕ್ಕೆ ಬಿಳಿ ಬೆಳಕು ಬೀಳಬೇಕು.

106ನೇ ನಿಯಮ: ಮುಂದಿನ ಲೈಟು 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸಬಾರದು. ಕಪ್ಪು ಬೊಟ್ಟು ಮಾಡುತ್ತಿದ್ದ ಕೆಲಸವೇ ಇದು.

111ನೇ ನಿಯಮ: ವಿಶೇಷ ಅನುಮತಿ ಇಲ್ಲದೆ ಮುಂದೆ ಸ್ಪಾಟ್ ಲೈಟು, ಸರ್ಚ್ ಲೈಟು ಹಾಕುವಂತಿಲ್ಲ. 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ವಿರುದ್ಧ ರಾಜ್ಯದ ಪೊಲೀಸರು ಕೇಸು ಹಾಕುತ್ತಾ ಹೋದದ್ದು ನೆನಪಿರಬಹುದು.

100ನೇ ನಿಯಮ ಗಾಜಿನದು. ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಆಮೇಲೆ ನಿಯಮದ ಮಾತುಗಳು ತಿದ್ದುಪಡಿಯಾದರೂ 70 ಮತ್ತು 50ರ ಮಿತಿ ಹಾಗೇ ಉಳಿದಿದೆ.

ಫಿಲ್ಮಿನ ಲೆಕ್ಕ

ಹಿಂದಿನ ಲೈಟಿಗೆ ಅಂಟಿಸಿದ ಫಿಲ್ಮ್ ಅರ್ಧ ಬೆಳಕನ್ನು ಮಾತ್ರ ಹೊರಗೆ ಬಿಡುತ್ತದೆ ಎಂದುಕೊಳ್ಳೋಣ. ಬಲ್ಬಿನ ಬೆಳಕು ಅರ್ಧಕ್ಕೆ ಇಳಿಯಿತು. ರಿಫ್ಲೆಕ್ಟರಿನ ಕಥೆ ಇನ್ನೂ ಕೆಟ್ಟದ್ದು. ಅದಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನ ಗಾಡಿಯ ಬೆಳಕು ಫಿಲ್ಮ್ ದಾಟಿ ಒಳಗೆ ಹೋಗಬೇಕು, ಮತ್ತೆ ಅದೇ ಫಿಲ್ಮ್ ದಾಟಿ ಹೊರಗೆ ಬರಬೇಕು. ಹೋಗುವಾಗ ಅರ್ಧ, ಬರುವಾಗ ಅದರ ಅರ್ಧ. ಉಳಿಯುವುದು ಕಾಲು ಭಾಗ.

ಒಳಗೆ ಜೋರಾದ ಎಲ್‌ಇಡಿ ಬಲ್ಬ್ ಹಾಕಿಸಿದ್ದೇವಲ್ಲ ಎನ್ನುವವರಿದ್ದಾರೆ. ಬ್ಯಾಟರಿ ಸತ್ತು ಗಾಡಿ ಕೆಟ್ಟು ನಿಂತಾಗ ಯಾವ ಬಲ್ಬೂ ಉರಿಯುವುದಿಲ್ಲ. ಆಗ ನಮ್ಮ ಪರವಾಗಿ ಹಿಂದಿನವನಿಗೆ ಕೂಗಿ ಹೇಳುವುದು ರಿಫ್ಲೆಕ್ಟರ್ ಒಂದೇ.

ಈಗ ನಮ್ಮ ರಸ್ತೆಗೆ ಬನ್ನಿ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ಬರುವಾಗ, ಕಳಸದಿಂದ ಸಂಸೆ ದಾಟಿ ಕುದುರೆಮುಖದತ್ತ ಹೋಗುವಾಗ ಜುಲೈ ತಿಂಗಳಲ್ಲಿ ಹಗಲಿಗೇ ಮಂಜು ಮುಸುಕಿರುತ್ತದೆ. ಮಳೆಯಲ್ಲಿ ನೆನೆದ ಟಾರು ಕಪ್ಪು, ಎರಡೂ ಬದಿಯ ಕಾಡು ಕಪ್ಪು, ಅದರ ನಡುವೆ ಕಪ್ಪು ಗಾಡಿ. 40 ಕಿ.ಮೀ. ವೇಗದಲ್ಲಿ ಬರುವ ಬಸ್ಸು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಕೆಂಪು ಲೈಟು 155 ಮೀಟರಿನಿಂದ ಕಂಡರೆ ಅದರ ಚಾಲಕನಿಗೆ 14 ಸೆಕೆಂಡು ಸಿಗುತ್ತದೆ. 33 ಮೀಟರಿಗೆ ಬಂದ ಮೇಲೆ ಕಂಡರೆ ಮೂರೇ ಸೆಕೆಂಡು. ನೋಡಬೇಕು, ಬ್ರೇಕ್ ಒತ್ತಬೇಕು, ಒದ್ದೆ ಇಳಿಜಾರಿನಲ್ಲಿ ಗಾಡಿ ನಿಲ್ಲಬೇಕು, ಎಲ್ಲವೂ ಅಷ್ಟರಲ್ಲೇ.

ಕಾಫಿ ಕುಯ್ಲಿನ ಕಾಲದಲ್ಲಿ ಮಂಜಿಗಿಂತ ಕತ್ತಲಿನ ಚಿಂತೆ ಹೆಚ್ಚು. ಡಿಸೆಂಬರಿನಲ್ಲಿ ಹೊತ್ತು ಬೇಗ ಮುಳುಗುತ್ತದೆ. ಹಣ್ಣು ಅಳೆದು ಮುಗಿಸಿ ಕಾರ್ಮಿಕರು ಮನೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ. ಪಿಕಪ್ಪಿನ ಹಿಂಬದಿಯಲ್ಲಿ ಕೂತವರ ಮೊಣಕಾಲಿನ ಪಕ್ಕದಲ್ಲೇ ಆ ಕೆಂಪು ಲೈಟು ಇರುತ್ತದೆ. ಲೈಟು ಕಾಣದೆ ಯಾರಾದರೂ ಹಿಂದಿನಿಂದ ಗುದ್ದಿದರೆ ಮೊದಲ ಪೆಟ್ಟು ಅವರಿಗೇ. ಗಾಡಿಯ ಅಂದ ಆರಿಸಿದವರು ಅವರಲ್ಲ.

ಕಪ್ಪು ಮಾಡಿಸುವುದಾದರೆ

ಗಾಡಿಯ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಪೂರ್ತಿ ಬಣ್ಣ ಬದಲಿಸುವುದಾದರೆ ಮೊದಲು ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಆರ್‌ಸಿಗೆ ಬರೆಸಿಕೊಳ್ಳಿ. ಇಲ್ಲದಿದ್ದರೆ ಮಾರುವಾಗ, ಇನ್ಶೂರೆನ್ಸ್ ಕೇಳುವಾಗ ತಕರಾರು ಬರಬಹುದು.

ಬಾಡಿ, ಗ್ರಿಲ್ಲು, ರಿಮ್ಮು, ಕ್ರೋಮ್ ಕಪ್ಪಾಗಲಿ. ಹೆಡ್‌ಲೈಟು, ಹಿಂದಿನ ಲೈಟು, ಇಂಡಿಕೇಟರು, ರಿಫ್ಲೆಕ್ಟರು, ನಂಬರ್ ಪ್ಲೇಟು, ಗಾಜು ಇವುಗಳ ಮೇಲೆ ಫಿಲ್ಮೂ ಬೇಡ, ಸ್ಪ್ರೇಯೂ ಬೇಡ. ಸರಕು ಗಾಡಿಯಾದರೆ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಹೊಳೆಯುವ ಟೇಪನ್ನು ಕಪ್ಪಿಗೆ ಒಪ್ಪುವುದಿಲ್ಲವೆಂದು ಕಿತ್ತು ಹಾಕಬೇಡಿ. ಕಪ್ಪು ಮೈಗೆ ಅದರ ಅಗತ್ಯ ಉಳಿದ ಗಾಡಿಗಳಿಗಿಂತ ಹೆಚ್ಚು. ಮಳೆಗಾಲದಲ್ಲಿ ಲೈಟಿನ ಮೇಲೆ ಕೂತ ಕೆಸರೂ ಫಿಲ್ಮಿನ ಹಾಗೆಯೇ ಕೆಲಸ ಮಾಡುತ್ತದೆ. ಘಾಟಿ ಇಳಿಯುವ ಮೊದಲು ಒಂದು ಬಟ್ಟೆ ತಗೊಂಡು ಒರೆಸಿಬಿಡಿ.

ಈಗಾಗಲೇ ಫಿಲ್ಮ್ ಅಂಟಿಸಿದ್ದರೆ ಒಂದು ಪರೀಕ್ಷೆ ಮಾಡಿ. ಮುಸ್ಸಂಜೆ ಹೊತ್ತಿಗೆ ಸೀದಾ ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಲೈಟು ಹಾಕಿ, ಹಿಂದಕ್ಕೆ ಇನ್ನೂರು ಹೆಜ್ಜೆ ನಡೆದು ತಿರುಗಿ ನೋಡಿ. ಸುಮಾರು 155 ಮೀಟರ್ ಆಗುತ್ತದೆ. ಕೆಂಪು ಲೈಟು ಸ್ಪಷ್ಟವಾಗಿ ಕಾಣದಿದ್ದರೆ ಅಂದೇ ಆ ಫಿಲ್ಮ್ ಕೀಳಿ. ಕಂಡರೂ ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬೇಡಿ, ಏಕೆಂದರೆ ನೀವು ನೋಡಿದ್ದು ಮಂಜಿಲ್ಲದ ಸಂಜೆಯಲ್ಲಿ.